ಕಿಟಕಿ ಪಕ್ಕದ ಖಳನಾಯಕ

ನಮ್ಮ ದೊಡ್ಡವ್ವ ಜೀವಮಾನದಲ್ಲಿ ಒಂದೇ ಒಂದು ಸಲವೂ ಒಳ್ಳೆಯವರ ಪಕ್ಷ ವಹಿಸಿದವಳಲ್ಲ!

ಹೀಗೆಂದ ಕೂಡಲೇ ಆಕೆ ಯಾವುದೋ ಘಟವಾಣಿ ಹೆಂಗಸೆಂದು ನೀವು ತೀರ್ಮಾನಿಸಬೇಡಿ. ಬೀದಿನಾಯಿಗೆ ಮುದ್ದೆ ಮುರಿದು ಹಾಕದೆ ತಾನು ತುತ್ತೆತ್ತುವವಳಲ್ಲ. ಆದರೆ ಸಿನಿಮಾ ಪರದೆಯ ಮೇಲೆ ನಾಯಕ ಎಂಬವನು ಕಾಣಿಸಿಕೊಂಡರೆ ಸಾಕು, ದೊಡ್ಡವ್ವನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ. ಹೋದ ವರ್ಷ ಅವಳನ್ನು ಹುಣಸೂರಿನ ಟಾಕೀಸಿಗೆ ಕರೆದುಕೊಂಡು ಹೋಗಿದ್ದೆ. ನಾಯಕ ಗಾಳಿಯಲ್ಲಿ ತೇಲಿ ಬಂದು ನೆಲಕ್ಕೆ ಕಾಲೂರಿದ. ಇಡೀ ಟಾಕೀಸು ಸೀಟಿ ಹೊಡೆಯಿತು. ದೊಡ್ಡವ್ವ ಸೆರಗು ಕೊಡವಿ ಎದ್ದಳು.

"ಎಲ್ಲಿಗೆ ದೊಡ್ಡವ್ವ?"

"ಇವನು ಕುಣಿದು ಮುಗ್ಸೋಗಂಟ ಕಳ್ಳೇಕಾಯಿ ತಕಂಡು ಬತ್ತೀನಿ. ವಿಲನ್ ಬಂದ್ರೆ ಕೂಗು!"

ಕೂಗಿದೆ. ಬಂದಳು. ಕರೀ ಕೋಟು, ಒಂದು ಕೈ ಕಬ್ಬಿಣದ್ದು, ನಕ್ಕರೆ ಟಾರ್ಚು ಬಿಟ್ಟಂತೆ ಹೊಳೆಯುವ ಒಂಟಿ ಚಿನ್ನದ ಹಲ್ಲು, ಇಂಥ ಖಳನಾಯಕ ತೆರೆಯ ಮೇಲೆ ಬಂದಾಗ ಟಾಕೀಸಿನಲ್ಲಿ ಕೇಳಿಸಿದ ಒಂದೇ ಒಂದು ಚಪ್ಪಾಳೆ ನಮ್ಮ ದೊಡ್ಡವ್ವನದು. ಮುಂದಿನ ಸಾಲಿನವರೆಲ್ಲ ತಿರುಗಿ ನೋಡಿದರು. ನಾನು ಯಾರ ಮಗನೋ ಎನ್ನುವಂತೆ ಕಡಲೆಕಾಯಿ ಸುಲಿಯುತ್ತ ಕೂತೆ. ಅವನಿಗೆ ಅಲ್ಲೇ ನಾಮಕರಣವೂ ಆಯಿತು, ಕೋಟಪ್ಪ ಅಂತ.

ವಾಪಸು ಬರುವಾಗ ಬೈಕಿನ ಹಿಂದೆ ಕೂತು ದೊಡ್ಡವ್ವ ಕೊಟ್ಟ ಪ್ರವಚನ ಹೀಗಿತ್ತು: "ನೋಡ್ಲಾ, ಮೂರು ಗಂಟೆ ಆ ಕತೆ ಎಳೆಯೋನು ಕೋಟಪ್ಪ. ಪ್ಲಾನ್ ಆಕೋನು ಅವನು, ಅಷ್ಟು ಜನ ಆಳಿಗೆ ಬಟ್ಟೆ ಕೊಟ್ಟು ಉಣ್ಣಾಕಿಕ್ಕೋನು ಅವನು. ಆ ಹೀರೋ ಏನ್ ಕಿಸಿದ? ಹುಡುಗೀ ಜೊತೆ ಬೆಟ್ಟ ಸುತ್ತಿ, ಕೊನೇಲಿ ಬಂದು ಒದ್ದ. ಕುಯ್ಲೆಲ್ಲ ಮುಗುದ್ಮೇಲೆ ಕಣಕ್ಕೆ ಬಂದು ಫೋಟೋ ತೆಗೆಸ್ಕೊಂಡಂಗೆ!"



ಇಷ್ಟು ಹೊತ್ತು ಮಾತಾಡುತ್ತಿರುವ ಈ ಪ್ರಾಣಿ ಯಾರು ಎಂದು ಕೇಳುವಿರೇನೊ. ನಾನೊಬ್ಬ ಮಿಮಿಕ್ರಿ ಕಲಾವಿದ. ಗಣೇಶನ ಪೆಂಡಾಲಿನಲ್ಲಿ ಕಲಾವಿದ. ಮಿಕ್ಕ ದಿನ ಹುಣಸೂರಿನ ಮೊಬೈಲ್ ಅಂಗಡಿಯಲ್ಲಿ ಗಾಜಿಗೆ ಪೇಪರು ಅಂಟಿಸುವವನು. ಕಾಗೆ, ಕೆಟ್ಟ ಟಿಲ್ಲರ್, ಪಂಚಾಯ್ತಿ ಅಧ್ಯಕ್ಷರು ಹೀಗೆ ನಮ್ಮೂರಿನಲ್ಲಿ ಶಬ್ದ ಮಾಡುವ ಯಾವ ವಸ್ತುವನ್ನೂ ನಾನು ಬಿಟ್ಟಿಲ್ಲ. ಯಾರನ್ನೂ ಬಿಡದೆ ಕಾಲೆಳೆಯುವುದು ನನ್ನ ಕುಲಕಸುಬು. ಹೀಗಾಗಿ ಮದುವೆ ಮನೆಗಳಿಗೆ ನನ್ನನ್ನು ಕರೆಯುತ್ತಾರೆ, ಊಟವಾದ ತಕ್ಷಣ ಕಳಿಸಿಬಿಡುತ್ತಾರೆ!

ದೊಡ್ಡವ್ವ ಎಂದರೆ ನಮ್ಮಮ್ಮನ ಅಕ್ಕ. ಹುಣಸೂರಿನ ಪಕ್ಕದ ಹಳ್ಳಿಯಲ್ಲಿ ಹೊಗೆಸೊಪ್ಪಿನ ಗ್ರೇಡಿಂಗ್ ಶೆಡ್ಡಿನಲ್ಲಿ ಅವಳ ಕೆಲಸ. ಗೊತ್ತಿಲ್ಲದವರಿಗೆ ಎರಡು ಮಾತು: ಬ್ಯಾರನ್ ಎಂಬ ಒಲೆಮನೆಯಲ್ಲಿ ಬೆಂಕಿ ಕೊಟ್ಟು ಬೇಯಿಸಿದ ಸೊಪ್ಪನ್ನು ರಾಶಿ ಹಾಕುತ್ತಾರೆ. ಹೆಂಗಸರು ಸುತ್ತ ಕೂತು ಒಂದೊಂದೇ ಎಲೆ ಎತ್ತಿ, ಬಣ್ಣ ನೋಡಿ, ಬೆರಳಲ್ಲಿ ಸವರಿ, ಬ್ರೈಟು, ಮೀಡಿಯಮ್ಮು, ಲೋ ಎಂದು ಬೇರೆ ಬೇರೆ ಮಾಡುತ್ತಾರೆ. ಹೊನ್ನಿನ ಬಣ್ಣದ ಎಲೆಗಳ ನಡುವೆ ಹಸಿರು ಛಾಯೆಯ ಎಲೆ ನುಸುಳಿತೋ, ಹರಾಜಿನಲ್ಲಿ ಇಡೀ ಬೇಲಿನ, ಅಂದರೆ ಕಟ್ಟಿದ ಮೂಟೆಯ, ಮಾನ ಹೋಯಿತು. ಮೂವತ್ತು ಸೀಸನ್ನಿನಿಂದ ಎಲೆ ಎತ್ತಿದ ದೊಡ್ಡವ್ವನಿಗೆ ಈಗ ಜಗತ್ತೇ ಒಂದು ಹೊಗೆಸೊಪ್ಪಿನ ರಾಶಿ. ಸಿಕ್ಕಿದ್ದನ್ನೆಲ್ಲ ಗ್ರೇಡ್ ಮಾಡದೆ ಬಿಡುವವಳಲ್ಲ.

ನನ್ನ ಅಕ್ಕನನ್ನು ನೋಡಲು ಪಿರಿಯಾಪಟ್ಟಣದಿಂದ ಗಂಡಿನ ಕಡೆಯವರು ಬಂದಿದ್ದರು. ಹುಡುಗ ನಮಸ್ಕಾರ ಮಾಡಿದ. ದೊಡ್ಡವ್ವ ಅವನ ಕೈ ಹಿಡಿದಳು, ಹಿಡಿದವಳು ಬಿಡಲಿಲ್ಲ. ಅಂಗೈ ಮಗುಚಿದಳು, ಹೆಬ್ಬೆರಳಿನಿಂದ ತಿಕ್ಕಿದಳು, ಬೆಳಕಿಗೆ ಹಿಡಿದಳು. ಎರಡೂ ಮನೆಯವರು ಉಪ್ಪಿಟ್ಟು ಬಾಯಲ್ಲೇ ಇಟ್ಟುಕೊಂಡು ಕಾದರು.

"ಮೀಡಿಯಮ್ಮು," ಎಂದಳು ದೊಡ್ಡವ್ವ. "ಮೇಲೆ ಬಣ್ಣ ತಿರುಗಿದ್ರೂ ದಂಟು ಇನ್ನೂ ಅಸಿ. ಇನ್ನೆರಡು ದಿನ ಬೆಂಕಿ ಬೀಳ್ಬೇಕು."

ಅವರು ಹೇಗೋ ನಕ್ಕು ಒಪ್ಪಿಕೊಂಡರೆನ್ನಿ. ಈಗಲೂ ದೊಡ್ಡವ್ವ ಮನೆಗೆ ಬಂದರೆ ನಮ್ಮ ಭಾವ ಎರಡೂ ಕೈ ಪ್ಯಾಂಟಿನ ಜೇಬಿಗೆ ಇಳಿಬಿಟ್ಟು ಮಾತಾಡಿಸುತ್ತಾರೆ!

ಇಂಥ ದೊಡ್ಡವ್ವನಿಗೆ ಶೆಡ್ಡಿನಲ್ಲಿ ಒಂದು ಸಿಂಹಾಸನವಿದೆ. ಪೂರ್ವದ ಕಿಟಕಿಯ ಪಕ್ಕ ಹಾಸಿದ ಒಂದು ಗೋಣಿತಾಟು. ಎಲೆಯ ಬಣ್ಣ ನೋಡಲು ಬೇಕಾದ ಹದವಾದ ಬೆಳಕು ಬೀಳುವುದು ಅಲ್ಲಿಗೆ ಮಾತ್ರ. ಆ ತಾಟಿನ ಮೇಲೆ ಕೂರುವವಳು ಕೊನೆಯ ಮಾತು ಹೇಳುವವಳು. ಅನುಮಾನದ ಎಲೆಗಳೆಲ್ಲ ಅವಳ ಕೈಗೇ ಬರಬೇಕು. ಅದಕ್ಕೊಂದು ಕಟ್ಟುಪಾಡೂ ಇದೆ. ಸೀಸನ್ನಿನ ನಡುವೆ ಎದ್ದವರ ಜಾಗ ಕೂತವರದು. ಬಾಣಂತನಕ್ಕೆ ಎದ್ದರೂ ಅಷ್ಟೇ, ಮಂಡಿನೋವಿಗೆ ಎದ್ದರೂ ಅಷ್ಟೇ. ದೊಡ್ಡವ್ವನಿಗೂ ಆ ತಾಟು ಬಂದದ್ದು ಹೀಗೇ, ಯಾರೋ ಎದ್ದಾಗ ಕೂತು.

ಈ ವರ್ಷ ಸಿಂಹಾಸನ ಅಲುಗಾಡಿತು. ಹರಾಜಿಗೆ ಹೋದ ಬ್ರೈಟ್ ಬೇಲೊಂದು ಹಸಿರು ಎಲೆ ಸೇರಿದೆ ಎಂದು ಮುಖ ತಿರುಗಿಸಿಕೊಂಡು ವಾಪಸು ಬಂತು. ಹತ್ತು ದಿನದಲ್ಲಿ ಇನ್ನೊಂದು. ಎರಡೂ ದೊಡ್ಡವ್ವನ ಕೈದಾಟಿ ಹೋದವು. ಶೆಡ್ಡಿನ ಯಜಮಾನರು ಬಂದು, ತಲೆ ಕೆರೆದುಕೊಂಡು, "ಅಕ್ಕಾ, ತಪ್ಪು ತಿಳ್ಕೋಬೇಡಿ. ಒಂದ್ಸಲ ಕಣ್ಣು ತೋರಿಸ್ಕೊಂಡು ಬನ್ನಿ" ಎಂದರು.

"ನನ್ನ ಕಣ್ಗೇನಾಗದೆ? ನಿಮ್ಮ ಮೀಸೇಲಿ ಮೂರು ಬಿಳೀ ಕೂದ್ಲು ಕಾಣ್ತಾವೆ, ಎಣ್ಸಿ ತೋರ್ಸ್ಲಾ?"

ಯಜಮಾನರು ಮೀಸೆ ಮುಚ್ಚಿಕೊಂಡರು. (ನಿಜ ಹೇಳಬೇಕೆಂದರೆ ಅವರದು ಪೂರ್ತಿ ಬಿಳಿ ಮೀಸೆ!) ಅಮ್ಮ, ಅಕ್ಕ, ನಾನು ಎಲ್ಲರೂ ಸರದಿಯಲ್ಲಿ ಹೇಳಿದೆವು. ಪೊರೆ ಬಂದಿರಬೇಕು, ಸಣ್ಣ ಆಪರೇಶನ್ನು, ಮೂರು ವಾರ ದೂಳು ಹೊಗೆಗೆ ಹೋಗದಿದ್ದರೆ ಸಾಕು ಎಂದು. ಅವಳಿಗೆ ಕೇಳಿಸಿದ್ದು 'ಮೂರು ವಾರ' ಮಾತ್ರ.

"ಮೂರು ವಾರ ಎದ್ರೆ ಆ ತಾಟ್ನ ಮ್ಯಾಲೆ ಯಾರು ಕೂತ್ಕೋತಾರೆ ಗೊತ್ತೇನ್ಲಾ? ಪುಟ್ಟಮ್ಮ!"

ಪುಟ್ಟಮ್ಮ ಎಂದರೆ ಎದುರು ಸಾಲಿನಲ್ಲಿ ಕೂರುವವಳು. ಇಬ್ಬರಿಗೂ ಇಪ್ಪತ್ತು ವರ್ಷದ ಹಾವು ಮುಂಗುಸಿ ಜಗಳ. ಒಬ್ಬಳು ಬಿಸಿಲೆಂದರೆ ಇನ್ನೊಬ್ಬಳು ಮೋಡ. ಸುದ್ದಿ ತಿಳಿದ ಪುಟ್ಟಮ್ಮ ಸುಮ್ಮನಿರುತ್ತಾಳೆಯೇ? ಶೆಡ್ಡಿನ ತುಂಬ ಕೇಳುವಂತೆ ಕೂಗಿದಳಂತೆ: "ಅಕ್ಕೋ, ಸುಮ್ಕೆ ಜಾಗ ನಂಗೆ ಬುಟ್ಟು ಮನೇಲಿ ಕೂತು ಬೊಂಬೆ ಆಡ್ಕೊಂಡಿರು!"

"ಬೊಂಬೆನಾ? ತಡಿ, ಬೊಂಬೆನೇ ತತ್ತೀನಿ! ನಾಡಿದ್ದು ನಿಮ್ಮೆಲ್ಲರ ಎದ್ರುಗೇ ಅದನ್ನ ಗ್ರೇಡ್ ಮಾಡ್ತೀನಿ. ಒಂದೇ ಒಂದು ತಪ್ಪು ಯೋಳಿದ್ರೂ ನಾನೇ ಎದ್ದೋಯ್ತೀನಿ. ತಪ್ಪು ಯೋಳ್ನಿಲ್ಲ ಅಂದ್ರೆ, ಇನ್ಮ್ಯಾಕೆ ಯಾವಳೂ ನನ್ನ ಕಣ್ಣಿನ ಸುದ್ದಿ ಎತ್ತಂಗಿಲ್ಲ!"

ಹೀಗೆ ಆಣೆ ಇಟ್ಟು ಮನೆಗೆ ಬಂದವಳು ನನ್ನ ಮುಂದೆ ನಿಂತಳು. "ಕೋಟಪ್ಪನ ಬೊಂಬೆ ಎಲ್ಲಿ ಸಿಕ್ತದ್ಲಾ?"

ಕೈಕಾಲು ಮಡಿಸುವ, ಕತ್ತು ತಿರುಗುವ ಅಂಥ ಬೊಂಬೆಗಳು ಸಿಗುತ್ತವೆ ಎಂದು ಫೋನಿನಲ್ಲಿ ತೋರಿಸಿದ ಪಾಪಿ ನಾನೇ. ಅಸಲಿ ಬೊಂಬೆಯ ಬೆಲೆ ಒಂಬತ್ತು ಸಾವಿರ ಎಂದೆ. ದೊಡ್ಡವ್ವ ಫೋನನ್ನೇ ದೂರ ತಳ್ಳಿದಳು.

"ಒಂಬತ್ಸಾವ್ರಕ್ಕೆ ನಿಜವಾದ ವಿಲನ್ನೇ ಮನೆಗ್ ಬಂದು, ಮುದ್ದೆ ಉಂಡು, ಒಂದ್ಸಲ ನಕ್ಕು ಓಯ್ತಾನೆ ಕಣ್ಲಾ!"

ಕೊನೆಗೆ ಅಗ್ಗದ್ದು ಸಿಗುವ ಜಾಗವೆಂದು ಪಿರಿಯಾಪಟ್ಟಣದಾಚೆಯ ಕೊಪ್ಪಕ್ಕೆ ಹೊರಟೆವು. ಸ್ವೆಟರು, ಬೂಟು, ಥರ್ಮಾಸ್ಕು ನೇತುಹಾಕಿದ ಸಾಲಿನಲ್ಲಿ ಒಂದು ಆಟದ ಸಾಮಾನಿನ ಅಂಗಡಿ. ಅಂಗಡಿಯವರು ಕೇರಳದ ಕಡೆಯವರು. ನಾಯಕರ ಬೊಂಬೆಗಳು ಗೋಡೆ ತುಂಬ ಹಲ್ಲು ಕಿರಿಯುತ್ತಿದ್ದವು. ಕೋಟಪ್ಪ ಮಾತ್ರ ಮೂಲೆಯಲ್ಲಿ, ದೂಳು ತಿನ್ನುತ್ತ, ಎರಡೇ ಎರಡು ಡಬ್ಬಿ. ದೊಡ್ಡವ್ವನಿಗೆ ಅಲ್ಲೇ ಕೋಪ.

"ಎಲ್ಲೆಲ್ಲೂ ಇವನ್ನ ಮೂಲೆಗೇ ನೂಕ್ತೀರಾ! ಬಿಚ್ಚಿ ತೋರ್ಸಿ."

"ಅಮ್ಮ, ಬಾಕ್ಸ್ ಓಪನ್ ಮಾಡಿದರೆ ರಿಟರ್ನ್ ಇಲ್ಲ ಕೇಟ್ಟೋ."

"ಬೇಲು ಬಿಚ್ಚದೆ ಒಗೆಸೊಪ್ಪು ಯಾವನಾರ ಕೊಂಡ್ಕೋತಾನ?"

ಅವರಿಗೆ ಅರ್ಥವಾಗಲಿಲ್ಲ, ಆದರೆ ಹೆದರಿದರು. ಡಬ್ಬಿ ಬಿಚ್ಚಿದರು. ಗೇಣುದ್ದದ ಕೋಟಪ್ಪ ದೊಡ್ಡವ್ವನ ಅಂಗೈಗೆ ಬಂದ. ಡಬ್ಬಿಯ ಮೇಲೆ 'ಹದಿನಾರು ಕೀಲು' ಎಂದು ಬರೆದಿದೆ ಎಂದು ನಾನು ಓದಿ ಹೇಳಿದೆ. ದೊಡ್ಡವ್ವ ಒಂದೊಂದೇ ತಿರುವಿ ಎಣಿಸಿದಳು. ಹದಿನಾಲ್ಕಕ್ಕೆ ನಿಂತಿತು. ಎರಡೂ ಮಣಿಕಟ್ಟು ಅಲ್ಲಾಡಲೊಲ್ಲವು.

"ಇನ್ನೆರಡು ಎಲ್ಲಿಗ್ ಓದ್ವು ಸ್ವಾಮಿ?"

"ಅದು... ಕಂಪನಿಯಲ್ಲೇ ಬರಲಿಲ್ಲ ಅಮ್ಮ."

"ಬರ್ದಿರೋ ಕೀಲಿಗೆ ನಾನ್ಯಾಕೆ ದುಡ್ಡು ಕೊಡ್ಲಿ? ಎರಡು ಕೀಲಿಂದು ಇಳ್ಸಿ!"

ಮುನ್ನೂರೈವತ್ತು ಹೇಳಿದ್ದವರು ಮುನ್ನೂರಕ್ಕೆ ಇಳಿದರು. ಕೀಲಿನ ಲೆಕ್ಕದಲ್ಲಿ ಬೊಂಬೆ ಕೊಂಡ ಮೊದಲ ಗಿರಾಕಿಯನ್ನು ಅವರು ಮರೆಯಲಾರರು. ನಾನು ಮಿಮಿಕ್ರಿಯಲ್ಲಿ ಅವರನ್ನೂ ಮರೆತಿಲ್ಲ.

ಒಂದು ವಿಷಯ ಇಲ್ಲೇ ಹೇಳಿಬಿಡಬೇಕು. ಸಿನಿಮಾದಲ್ಲಿ ಕೋಟು ಕರೀದು. ಈ ಅಗ್ಗದ ಕೋಟಪ್ಪನದು ಪಾಚಿ ಕಟ್ಟಿದ ಕೆರೆಯಂಥ ಗಾಢ ಹಸಿರು. ನಾನು ಬಾಯಿ ತೆರೆದೆ. ಅಂಗಡಿಯವರು ವ್ಯಾಪಾರ ಕೆಡಿಸಬೇಡಪ್ಪ ಎಂಬಂತೆ ಕೈ ಮುಗಿದರು. ಎಲೆಯ ಬಣ್ಣ ನೋಡಿ ನೋಡಿ ಪಳಗಿದವಳು, ಇವಳಿಗೆ ನಾನು ಬಣ್ಣ ಹೇಳಿಕೊಡಬೇಕೆ? ಅಗ್ಗದ ಮಾಲೆಂದು ಒಪ್ಪಿಕೊಂಡಿದ್ದಾಳೆ ಎಂದುಕೊಂಡು ಬಾಯಿ ಮುಚ್ಚಿದೆ. ನಾನು ಬಾಯಿ ಮುಚ್ಚಿದಾಗಲೆಲ್ಲ ಅನಾಹುತವಾಗುತ್ತದೆ. ಆದರೆ ನನಗೆ ಅಭ್ಯಾಸವಿಲ್ಲವಾಗಿ ಅದು ಗೊತ್ತಿರಲಿಲ್ಲ.

ಪರೀಕ್ಷೆಯ ದಿನ ಅಂಗಡಿಗೆ ರಜೆ ಹಾಕಿ ನಾನೂ ಶೆಡ್ಡಿಗೆ ಹೋದೆ. ಕಾಮೆಂಟರಿ ಹೇಳುವವರು ಬೇಡವೆ? ರಾಶಿಯ ಸುತ್ತ ಏಳು ಜನ ಹೆಂಗಸರು ಎಲೆ ಕೆಳಗಿಟ್ಟು ಕೂತರು. ಯಜಮಾನರು ಬೇಲು ಎಣಿಸುವ ನೆಪದಲ್ಲಿ ಬಾಗಿಲಲ್ಲಿ ನಿಂತರು. ದೊಡ್ಡವ್ವ ತನ್ನ ತಾಟಿನ ಮೇಲೆ ಕೂತು, ಸೆರಗಿನ ಗಂಟಿನಿಂದ ಕೋಟಪ್ಪನನ್ನು ಹೊರತೆಗೆದಳು. ನಾನು ಕ್ರಿಕೆಟ್ಟಿನವರ ದನಿಯಲ್ಲಿ, "ವೀಕ್ಷಕರೇ, ಕಿಟಕಿ ಕಡೆಯಿಂದ ದೊಡ್ಡವ್ವ..." ಎನ್ನುವಷ್ಟರಲ್ಲಿ ಒಂದು ಎಲೆಯ ದಂಟು ನನ್ನ ಹಣೆಗೆ ಬಂದು ಬಡಿಯಿತು. ಗುರಿ ತಪ್ಪಿರಲಿಲ್ಲ.

ಮೊದಲು ಮೂಗಿಗೆ ಹಿಡಿದಳು. "ಅಳೇ ಪ್ಲಾಸ್ಟಿಕ್ಕು. ಓದ್ಜನ್ಮದಲ್ಲಿ ಬಕೀಟಾಗಿದ್ದ, ಈ ಜನ್ಮದಲ್ಲಿ ವಿಲನ್ ಆಗವ್ನೆ."

ಆಮೇಲೆ ಕಿವಿಯ ಹತ್ತಿರ ಅಲ್ಲಾಡಿಸಿದಳು. "ವಟ್ಟೆ ಒಳಗೆ ಏನೋ ಒಂದ್ ಚೂರು ಮುರುದು ಬಿದ್ದದೆ. ಕೇಳ್ಸ್ಕಳಿ."

ಎಲೆಅಡಿಕೆ ಡಬ್ಬಿ ಹೋಗುವಂತೆ ಕೋಟಪ್ಪ ಕೈಯಿಂದ ಕೈಗೆ ಹೋದ. ಹೌದು, ಸಣ್ಣಗೆ ಗಿಲಕಿ ಸದ್ದು. ನಾನು ಹಿಂದಿನ ರಾತ್ರಿಯೆಲ್ಲ ಆಡಿಸಿದ್ದರೂ ನನಗದು ಕೇಳಿಸಿರಲಿಲ್ಲ.

"ಕತ್ತು ಪೂರ್ತಿ ಸುತ್ತು ಬತ್ತದೆ. ಮೋಸ ಮಾಡೋರ್ಗೆ ಬೇಕಾದ್ದೇ. ಭುಜ ಬೋ ಚೆಂದ, ಎತ್ತಿದ ಕೈ ಎತ್ತಿದಂಗೇ ನಿಲ್ತದೆ. ಎಡ ಮಂಡಿ ಸಡ್ಲ. ಬೆನ್ನ ಮ್ಯಾಲೆ ಅಚ್ಚಿನ ಗೀರು ಉಜ್ಜಿಲ್ಲ. ಆಮೇಲೆ..." ಅವಳ ಹೆಬ್ಬೆರಳು ಕೋಟಪ್ಪನ ಕೂದಲಿನ ಕೆಳಗೆ ನುಸುಳಿತು. "ಅಯ್ಯೋ ನಿನ್ ಮನೆ ಕಾಯ್ವೋಗ! ಇವನಿಗೆ ಎಡಗಿವಿನೇ ಇಲ್ಲ ಕಣ್ರವ್ವಾ!"

ಎಲ್ಲರೂ ಮುಗಿಬಿದ್ದು ನೋಡಿದೆವು. ನಿಜವಾಗಿಯೂ ಇರಲಿಲ್ಲ! ಬಲಕ್ಕೆ ಕಿವಿ ಇತ್ತು, ಎಡಕ್ಕೆ ಕೂದಲಿನ ಕೆಳಗೆ ನುಣ್ಣನೆ ಬೋಳು. ಪುಟ್ಟಮ್ಮ ಕೂಡ ಬಾಯಿಗೆ ಸೆರಗಿಟ್ಟುಕೊಂಡಳು. ದೊಡ್ಡವ್ವ ಗೆದ್ದ ಪೈಲ್ವಾನನಂತೆ ಕೂತು ಕೋಟಪ್ಪನ ಒಂದು ಕೈ ಸೊಂಟಕ್ಕೂ ಇನ್ನೊಂದು ಕೈ ತಲೆಗೂ ಇಟ್ಟು ಬೇಲಿನ ಮೇಲೆ ನಿಲ್ಲಿಸಿದಳು. ತಲೆ ಕೆರೆದುಕೊಳ್ಳುವ ಯಜಮಾನರು ಥೇಟು! ಶೆಡ್ಡು ಬಿದ್ದು ಬಿದ್ದು ನಕ್ಕಿತು, ಯಜಮಾನರೂ ಸೇರಿ. ಮಿಮಿಕ್ರಿ ಕಲಾವಿದ ನಾನೋ ಅವಳೋ?

"ಭುಜಕ್ಕೆ ಬ್ರೈಟು, ಮಂಡಿಗೆ ಮೀಡಿಯಮ್ಮು, ವಾಸ್ನೆಗೆ ಲೋ," ಎಂದು ತೀರ್ಪು ಕೊಟ್ಟಳು. ಅಲ್ಲಿಗೆ ನಿಲ್ಲಿಸಿದ್ದರೆ ಸಿಂಹಾಸನ ಅವಳದೇ. ಆದರೆ ಗೆದ್ದವರು ಯಾವತ್ತು ಅಲ್ಲಿಗೆ ನಿಲ್ಲಿಸಿದ್ದಾರೆ?

"ಆದ್ರೂ ಒಂದ್ ಮಾತು ಯೋಳ್ಬೇಕು ಕಣ್ರವ್ವಾ," ಎಂದು ಕೋಟಪ್ಪನನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಳು. "ಆ ಕೋಟಿನ ಬಣ್ಣ ನೋಡಿ. ಸಿನಿಮಾದಲ್ಲಿದ್ದಂಗೇ ಕರ್ರಗೆ, ಒಂದ್ಚೂರು ಆಚೀಚೆ ಇಲ್ಲ. ಬಣ್ಣಕ್ಕೆ ಮಾತ್ರ ಫಸ್ಟ್ ಬ್ರೈಟು!"

ಬೆಳಗಿನ ಬಿಸಿಲು ಆ ಹಸಿರು ಕೋಟಿನ ಮೇಲೆ ಸೊಗಸಾಗಿ ಬಿದ್ದಿತ್ತು.

 ನಾನು ಪುಟ್ಟಮ್ಮನ ಮುಖ ನೋಡಿದೆ. ಇಪ್ಪತ್ತು ವರ್ಷದಿಂದ ಕಣ್ಣಿಟ್ಟಿದ್ದ ಆ ತಾಟು ಅವಳಿಗೆ ಒಂದೇ ಒಂದು ಪದದ ದೂರದಲ್ಲಿತ್ತು.

"ಏನ್ಲಾ ಸುಮ್ಕಾದೆ?" ದೊಡ್ಡವ್ವ ನನ್ನತ್ತ ತಿರುಗಿದಳು. "ಕರೀದಲ್ವಾ?"

ನಾನು, ಸತ್ತವರ ಮನೆಯಲ್ಲೂ ಸತ್ತವರದೇ ದನಿ ತೆಗೆದು ಒದೆ ತಿಂದವನು, ಹೇಳಿದೆ: "ಕರೀದೇ ಕಣ್ ದೊಡ್ಡವ್ವ."

ಪುಟ್ಟಮ್ಮ ಗಂಟಲು ಸರಿಮಾಡಿಕೊಂಡಳು. "ಕರ್ರಗವ್ನೆ ಕಣಕ್ಕ. ಕಾಡಿಗೆ ಬಳ್ದಂಗವ್ನೆ."

"ಊಂ, ಕರೀದೇ." "ಕರೀದಲ್ದೆ ಇನ್ಯಾವುದು?" ಒಬ್ಬರಾದ ಮೇಲೆ ಒಬ್ಬರು. ಯಜಮಾನರು ಬಾಗಿಲಲ್ಲೇ, "ಕಪ್ಪು" ಎಂದು ಕೆಮ್ಮಿ, ಎಣಿಸದ ಬೇಲುಗಳನ್ನು ಹಾಗೇ ಬಿಟ್ಟು ಹೊರಟುಹೋದರು.

ಸಂಜೆ ಮನೆಗೆ ನಡೆದು ಬರುವಾಗ ದೊಡ್ಡವ್ವ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ಇದ್ದಳು. ಕಾಲುವೆ ದಾಟಿದ ಮೇಲೆ ನಿಂತಳು.

"ಬಣ್ಣ ಯಾವುದ್ಲಾ?"

"ಕರೀದು ಅಂತ ಆಗ್ಲೇ..."

"ಸುಳ್ಳು ಯೋಳ್ಬೇಡ. ಆ ಏಳು ಜನ ಎಂಗಸ್ರು ಇವತ್ತಿನಗಂಟ ಒಂದು ಎಲೆ ಮ್ಯಾಲೂ ಒಂದೇ ಮಾತು ಆಡ್ದೋರಲ್ಲ. ಪುಟ್ಟಿ ನನ್ನ ಮಾತಿಗೆ ಊಂ ಅಂದ ದಿನ ಆಕಾಸ ಬಿದ್ದೋಯ್ತದೆ ಅಂದ್ಕೊಂಡಿದ್ದೆ. ಯಾವ ಬಣ್ಣ?"

"ಅಸ್ರು," ಎಂದೆ. ನನ್ನ ಸ್ವಂತ ದನಿಯೇ ಇರಬೇಕು, ನನಗೇ ಗುರುತು ಸಿಗಲಿಲ್ಲ.

"ಅಸ್ರು," ಎಂದು ಅವಳೂ ಒಂದು ಸಲ ಹೇಳಿಕೊಂಡಳು. ವಾಪಸು ಬಂದ ಎರಡು ಬೇಲಿನ ಲೆಕ್ಕ ಅವಳಿಗೆ ಅಲ್ಲೇ ಸಿಕ್ಕಿರಬೇಕು. ಕೋಟಪ್ಪನನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು ನೋಡಿದಳು, ಅವನನ್ನು ಸೆರಗಿಗೆ ಗಂಟು ಹಾಕಿದಳು, ನಡೆದಳು. ನನ್ನನ್ನು ಬೈಯಲಿಲ್ಲ. ಅದಕ್ಕಿಂತ ದೊಡ್ಡ ಶಿಕ್ಷೆ ಯಾವುದಿದೆ?

ಆಣೆ ಆಣೆಯೇ. ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಶೆಡ್ಡಿಗೆ ಹೋದಳು. ಹೆಂಗಸರೆಲ್ಲ ಬರುವವರೆಗೆ ತಾಟಿನ ಪಕ್ಕ ನಿಂತೇ ಇದ್ದಳು. ಬಂದರು. ದೊಡ್ಡವ್ವ ಸೊಂಟಕ್ಕೆ ಕೈಯಿಟ್ಟಳು.

"ನೆನ್ನೆ ಎಲ್ರೂ ಸೇರ್ಕೊಂಡು ನಂಗೆ ಸುಳ್ಳು ಯೋಳುದ್ರಿ. ನೀವು ಯೋಳಿದ್ರೂ ನಾನು ಆಣೆ ಮುರಿಯೋಳಲ್ಲ. ತಪ್ಪು ಯೋಳ್ದೆ, ಎದ್ದಿದ್ದೀನಿ. ಮೈಸೂರಿಗೋಗಿ ಕಣ್ಣು ಕುಯ್ಸ್ಕೊಂಡು ಬತ್ತೀನಿ."

ಹೀಗೆಂದವಳು ಸೆರಗಿನ ಗಂಟು ಬಿಚ್ಚಿ ಕೋಟಪ್ಪನನ್ನು ತೆಗೆದಳು. ಸೊಂಟ ಬಗ್ಗಿಸಿ, ಮಂಡಿ ಮಡಿಸಿ, ಎತ್ತಿದರೆ ಎತ್ತಿದಂತೆ ನಿಲ್ಲುವ ಆ ಕಬ್ಬಿಣದ ಕೈಯನ್ನು ಮೇಲಕ್ಕೆತ್ತಿ, ಗೋಣಿತಾಟಿನ ನಟ್ಟನಡುವೆ ಕೂರಿಸಿದಳು.

ಪುಟ್ಟಮ್ಮ ಬೆಪ್ಪಾಗಿ ಕೇಳಿದಳು, "ಇದೇನಕ್ಕ? ಎದ್ದೀನಿ ಅಂತೀಯ, ಜಾಗಕ್ಕೆ ಇವನ್ನ ಕೂರಿಸ್ತೀಯ?"

"ಎದ್ದೋಯ್ತೀನಿ ಅಂತ ಮಾತು ಕೊಟ್ಟೋಳು ನಾನು, ಎದ್ದೆ. ಇವನು ವಿಲನ್ನು! ಇವನ್ಯಾಕವ್ವ ಮಾತು ಉಳಿಸ್ಕೋತಾನೆ? ಎದ್ದೋರ ಜಾಗ ಕೂತೋರ್ದು ತಾನೆ? ಕೂತವ್ನೆ. ತಾಕತ್ತಿದ್ರೆ ಎಬ್ಬುಸ್ರಿ!"

ಹೀಗೆ ಸವಾಲು ಹಾಕಿ, ಯಾರ ಮುಖವನ್ನೂ ನೋಡದೆ, ಬಸ್ ಸ್ಟಾಪಿನ ಕಡೆಗೆ ಬಿರಬಿರನೆ ನಡೆದಳು. ನಾನು ಬಟ್ಟೆಯ ಚೀಲ ಹೊತ್ತು ಹಿಂದೆ ಓಡಿದೆ.

ಆಪರೇಶನ್ ಸುಸೂತ್ರವಾಯಿತು. ಮೊದಲು ಬಲಗಣ್ಣು, ಅದಕ್ಕೊಂದು ಪಟ್ಟಿ. ಮನೆಗೆ ಬಂದರೂ ದೊಡ್ಡವ್ವನಿಗೆ ಒಂದೇ ಹಟ, ಹೋಗಿ ಶೆಡ್ಡು ನೋಡಿಕೊಂಡು ಬಾ ಎಂದು. ನಾಲ್ಕನೆಯ ದಿನ ಹೋದೆ. ಬಂದು ಅವಳ ಮಂಚದ ಪಕ್ಕ ಕೂತು, ಅಲ್ಲಿ ಕಂಡದ್ದನ್ನು ಒಬ್ಬೊಬ್ಬರ ದನಿಯಲ್ಲೂ ಆಡಿ ತೋರಿಸಿದೆ. ದೊಡ್ಡವ್ವನ ಜಾಗಕ್ಕೆಂದು ಯಜಮಾನರು ಹಂಪಾಪುರದ ಕಡೆಯಿಂದ ಹೊಸಬಳೊಬ್ಬಳನ್ನು ಕರೆಸಿದ್ದಾರೆ. ಪಾಪ, ಅವಳಿಗೇನು ಗೊತ್ತು? ಒಳ್ಳೆ ಬೆಳಕಿದೆಯೆಂದು ನೆಟ್ಟಗೆ ಕಿಟಕಿಯ ಹತ್ತಿರ ಹೋದಳು, ಬೊಂಬೆಯನ್ನು ಬದಿಗೆ ಸರಿಸಲು ಕೈ ನೀಡಿದಳು. ಆಗ ಎದುರು ಸಾಲಿನಿಂದ ಪುಟ್ಟಮ್ಮ ಎಲೆಯಿಂದ ತಲೆ ಎತ್ತದೆಯೇ ಹೇಳಿದಳು...

ಇಲ್ಲಿ ನಾನು ಪುಟ್ಟಮ್ಮನ ದನಿ ತೆಗೆದೆ: "ಅಲ್ಲಿ ಬ್ಯಾಡ ಕಣವ್ವ, ಈಚೆಗ್ ಬಾ. ಅಲ್ಲಿ ಜನ ಅವ್ರೆ."

ದೊಡ್ಡವ್ವ ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿದಳು.

"ಪುಟ್ಟಿ ಅಂಗಂದ್ಲಾ?"

"ಅಂದ್ಲು ದೊಡ್ಡವ್ವ. ಆಮೇಲೆ ಏನಾಯ್ತು ಅಂದ್ರೆ..."

ಅವಳ ಕೈ ಹಿಂದಕ್ಕೆ ಬಂದು ನನ್ನ ಬಾಯನ್ನು ಹುಡುಕಿ ಗಟ್ಟಿಯಾಗಿ ಮುಚ್ಚಿತು.

"ಸುಮ್ಕಿರ್ಲಾ ಬಡ್ಡೆತ್ತುದೆ. ಇನ್ನೇನೂ ಯೋಳ್ಬೇಡ. ಕಣ್ಗೆ ನೀರು ಸೋಕಿಸ್ಬಾರ್ದು ಅಂದವ್ರೆ ಡಾಕ್ಟ್ರು."